ಆಸ್ಟ್ರಿಯಾಕ್ಕೆ ಆರು ಗೆಲುವು, ಆರೂ ಪಿಟೀಲಿನವು: ಓದುಗರ ಪ್ರಶ್ನೆಗಳಿಗೆ ಉತ್ತರ

ಯುರೋವಿಷನ್ ಯಂಗ್ ಮ್ಯುಸಿಷಿಯನ್ಸ್ ಎಂಬ ಕಿರಿಯರ ಶಾಸ್ತ್ರೀಯ ಸಂಗೀತ ಸ್ಪರ್ಧೆ 2024ರ ಆಗಸ್ಟ್‌ನಲ್ಲಿ ನಾರ್ವೆಯ ಬೋಡೊ ಪಟ್ಟಣದಲ್ಲಿ ನಡೆದು, ಆಸ್ಟ್ರಿಯಾದ ಪಿಟೀಲುವಾದಕ ಲಿಯೊನ್‌ಹಾರ್ಟ್ ಬೌಮ್‌ಗಾರ್ಟ್ನರ್ ಗೆದ್ದರು. ಆ ದೇಶಕ್ಕೆ ಇದು ಆರನೆಯ ಮೊದಲ ಬಹುಮಾನ. ಇದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದವನ್ನು ಕೂಡಿಸಿದ್ದೇವೆ.

ಯುರೋವಿಷನ್ ಎಂದರೆ ಬಣ್ಣದ ದೀಪ, ಪಾಪ್ ಹಾಡು, ಜನರ ವೋಟು ಎಂದು ತಿಳಿದಿದ್ದೆ. ಇದೂ ಅದೇ ಸ್ಪರ್ಧೆಯ ಭಾಗವೇ? (ಧಾರವಾಡ)

ನಡೆಸುವ ಸಂಸ್ಥೆ ಒಂದೇ, ಸ್ಪರ್ಧೆ ಬೇರೆ. ಯುರೋಪಿನ ಬಾನುಲಿ ಮತ್ತು ಟಿವಿ ಸಂಸ್ಥೆಗಳ ಒಕ್ಕೂಟವಾದ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎರಡನ್ನೂ ನಡೆಸುತ್ತದೆ. ಬ್ರಿಟನ್ನಿನ ಬಿಬಿಸಿ 1978ರಲ್ಲಿ ತನ್ನ ದೇಶದ ಕಿರಿಯರಿಗಾಗಿ ಒಂದು ಶಾಸ್ತ್ರೀಯ ಸಂಗೀತ ಸ್ಪರ್ಧೆ ಆರಂಭಿಸಿತ್ತು. ಅದೇ ಜಾಡಿನಲ್ಲಿ 1982ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಈ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಅಂದು ಬಂದ ದೇಶಗಳು ಆರೇ ಆರು, ಅವುಗಳಲ್ಲಿ ಆಸ್ಟ್ರಿಯಾವೂ ಒಂದು. ಗೆದ್ದವರು ಪಶ್ಚಿಮ ಜರ್ಮನಿಯ ಪಿಯಾನೋವಾದಕ ಮಾರ್ಕಸ್ ಪಾವ್ಲಿಕ್.

ಎರಡು ವರ್ಷಕ್ಕೊಮ್ಮೆ ನಡೆಯುವ ಪದ್ಧತಿ. 2020ರದ್ದು ಕೊರೊನಾ ಕಾರಣಕ್ಕೆ ನಡೆಯಲಿಲ್ಲ. 2024ರವರೆಗೆ ಒಟ್ಟು 21 ಬಾರಿ ನಡೆದಿದೆ. ಒಂದು ದೇಶಕ್ಕೆ ಒಬ್ಬರೇ ಸ್ಪರ್ಧಿ. ಅಂತಿಮ ಸುತ್ತಿನಲ್ಲಿ ಪೂರ್ಣ ವಾದ್ಯವೃಂದದ ಜೊತೆ ಒಂದು ಕೃತಿ ನುಡಿಸಬೇಕು. ವೋಟಿಲ್ಲ, ತೀರ್ಪು ಸಂಗೀತಗಾರರ ಮಂಡಳಿಯದು. ವಯಸ್ಸಿನ ಮಿತಿ ಮೊದಲು ಹದಿನೆಂಟರ ಆಸುಪಾಸಿನಲ್ಲಿತ್ತು, ಇತ್ತೀಚೆಗೆ 12ರಿಂದ 21ರವರೆಗೆ ವಿಸ್ತರಿಸಿದ್ದಾರೆ.

ಆಸ್ಟ್ರಿಯಾ ಪದೇ ಪದೇ ಗೆಲ್ಲುವುದಕ್ಕೆ ಸ್ಪರ್ಧೆ ಪದೇ ಪದೇ ವಿಯೆನ್ನಾದಲ್ಲೇ ನಡೆಯುವುದು ಕಾರಣವಲ್ಲವೇ? ತವರು ಮೈದಾನದ ಲಾಭ ಎನ್ನುತ್ತಾರಲ್ಲ, ಹಾಗೆ. (ಮೈಸೂರು)

ಅನುಮಾನ ಸಹಜವಾದದ್ದು, ಆದರೆ ದಾಖಲೆ ಬೇರೆಯೇ ಹೇಳುತ್ತದೆ. ವಿಯೆನ್ನಾದಲ್ಲಿ ಸ್ಪರ್ಧೆ ನಡೆದದ್ದು ಆರು ಬಾರಿ: 1990, 1998, 2006, 2008, 2010, 2012. ಈ ಆರರಲ್ಲಿ ಆಸ್ಟ್ರಿಯಾ ಗೆದ್ದದ್ದು ಒಮ್ಮೆ ಮಾತ್ರ, 1998ರಲ್ಲಿ, ಲಿಡಿಯಾ ಬೈಖ್. ಉಳಿದ ಐದೂ ಪರವೂರಿನ ಗೆಲುವುಗಳು: 1988ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೂಲಿಯನ್ ರಾಖ್ಲಿನ್, 2002ರಲ್ಲಿ ಬರ್ಲಿನ್ನಿನಲ್ಲಿ ದಾಲಿಬೋರ್ ಕಾರ್ವಾಯ್, 2004ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಅಲೆಕ್ಸಾಂಡ್ರಾ ಸೂಮ್, 2014ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಝಿಯು ಹ, ಈಗ ಬೋಡೊದಲ್ಲಿ ಬೌಮ್‌ಗಾರ್ಟ್ನರ್. ತನ್ನ ಮನೆಯಂಗಳದಲ್ಲೇ ಸತತ ನಾಲ್ಕು ಬಾರಿ ಸ್ಪರ್ಧೆ ನಡೆಸಿದ ಕಾಲದಲ್ಲಿ ಆಸ್ಟ್ರಿಯಾಕ್ಕೆ ಒಂದು ಮೊದಲ ಬಹುಮಾನವೂ ಸಿಗಲಿಲ್ಲ. ಎರಡನೆಯ ಸ್ಥಾನದಲ್ಲಿರುವ ಪೋಲೆಂಡಿನದು ಮೂರು ಗೆಲುವು, ಅಂದರೆ ಆಸ್ಟ್ರಿಯಾದ ಅರ್ಧ.

ಆ ನಾಲ್ಕು ವರ್ಷಗಳ ವಿಜೇತರನ್ನು ನೋಡಿ: 2006ರಲ್ಲಿ ಸ್ವೀಡನ್ನಿನ ಚೆಲ್ಲೊ, 2008ರಲ್ಲಿ ಗ್ರೀಸಿನ ಕ್ಲಾರಿನೆಟ್, 2010ರಲ್ಲಿ ಸ್ಲೊವೇನಿಯಾದ ಕೊಳಲು, 2012ರಲ್ಲಿ ನಾರ್ವೆಯ ವಯೋಲ (ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತಗ್ಗಿನ ತಂತಿವಾದ್ಯ). ಪಿಟೀಲೂ ಇಲ್ಲ, ಪಿಯಾನೋವೂ ಇಲ್ಲ. ಆಗ ಅಂತಿಮ ಸುತ್ತು ನಡೆಯುತ್ತಿದ್ದುದು ವಿಯೆನ್ನಾ ಪುರಭವನದ ಮುಂದಿನ ಬಯಲಿನಲ್ಲಿ, ಮೈಕು ಮತ್ತು ಧ್ವನಿವರ್ಧಕಗಳ ಮೂಲಕ. ಒಳಾಂಗಣದಲ್ಲಿ ವಾದ್ಯವೃಂದದ ಸದ್ದನ್ನು ಸೀಳಿಕೊಂಡು ಬರುವ ಶಕ್ತಿ ಪಿಟೀಲಿನ ಮೇಲಿನ ತಂತಿಗೆ ಇರುವಷ್ಟು ವಯೋಲಕ್ಕೆ ಇಲ್ಲ. ಮೈಕು ಬಂದಾಗ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಇದೊಂದೇ ಕಾರಣವೆಂದು ವಾದಿಸುವಂತಿಲ್ಲ. 2014ರಲ್ಲಿ ಕಲೋನ್‌ನ ಬಯಲಿನಲ್ಲೂ ಪಿಟೀಲೇ ಗೆದ್ದಿತು. ಆದರೂ ಬಯಲಿನ ವೇದಿಕೆ ಮೆಲುದನಿಯ ವಾದ್ಯಗಳಿಗೆ ಬಾಗಿಲು ತೆರೆಯಿತೆಂದೇ ನಮ್ಮ ಅಭಿಪ್ರಾಯ.

ಗೆದ್ದವರ ಹೆಸರು, ಹುಟ್ಟೂರು ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನವರು. ಇದನ್ನು ಆಸ್ಟ್ರಿಯಾದ ಗೆಲುವು ಎನ್ನಬಹುದೇ? ಮತ್ತೆ, ಆರೂ ಜನ ಪಿಟೀಲುವಾದಕರೇ ಆಗಿರುವುದು ಆಕಸ್ಮಿಕವೇ? (ಬೆಂಗಳೂರಿನ ಇಬ್ಬರು ಓದುಗರು)

ನಿಮ್ಮ ಲೆಕ್ಕ ಸರಿ. ರಾಖ್ಲಿನ್ ಹುಟ್ಟಿದ್ದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಬೈಖ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಕಾರ್ವಾಯ್ ಸ್ಲೊವಾಕಿಯಾದಲ್ಲಿ, ಸೂಮ್ ಮಾಸ್ಕೋದಲ್ಲಿ, ಝಿಯು ಹ ಚೀನಾದ ಚಿಂಗ್‌ಡಾವ್‌ನಲ್ಲಿ. ಇದನ್ನು ಕುಂದು ಎಂದು ನೋಡಬೇಕಿಲ್ಲ. ಆಸ್ಟ್ರಿಯಾದ ಬಲ ಏನೆಂಬುದು ಇಲ್ಲೇ ತಿಳಿಯುತ್ತದೆ. ಇವರಲ್ಲಿ ಮೊದಲ ನಾಲ್ವರೂ ಒಬ್ಬರೇ ಗುರುವಿನ ಶಿಷ್ಯರು: ಬೋರಿಸ್ ಕುಶ್ನಿರ್. ಕೀವ್‌ನಲ್ಲಿ ಹುಟ್ಟಿ, ಮಾಸ್ಕೋದಲ್ಲಿ ಕಲಿತು, 1980ರ ದಶಕದಿಂದ ವಿಯೆನ್ನಾದಲ್ಲಿ ಕಲಿಸುತ್ತಾ ಬಂದವರು. 1988ರಿಂದ 2004ರವರೆಗೆ ಆಸ್ಟ್ರಿಯಾ ಗೆದ್ದ ನಾಲ್ಕೂ ಬಹುಮಾನಗಳು ಒಂದೇ ಪಾಠದ ಕೋಣೆಯಿಂದ ಹೊರಟವು. ಪಿಟೀಲೇ ಏಕೆ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಅದೇ. ಕುಶ್ನಿರ್ ಚೆಲ್ಲೊ ಕಲಿಸುವವರಾಗಿದ್ದರೆ ಈ ಪಟ್ಟಿ ಬೇರೆಯೇ ಆಗಿರುತ್ತಿತ್ತು. ಝಿಯು ಹ ಬೆಳೆದದ್ದು ಸಾಲ್ಜ್‌ಬರ್ಗಿನ ಮೊಟ್ಸಾರ್ಟಿಯಮ್ ಸಂಗೀತ ವಿಶ್ವವಿದ್ಯಾಲಯದಲ್ಲಿ, ಪೌಲ್ ರೋಚೆಕ್ ಅವರ ಬಳಿ.

ಪಿಟೀಲಿಗೆ ಒಟ್ಟಾರೆಯಾಗಿಯೂ ಈ ಸ್ಪರ್ಧೆಯಲ್ಲಿ ಮೇಲುಗೈ ಇದೆ. 21 ಮೊದಲ ಬಹುಮಾನಗಳಲ್ಲಿ 10 ಪಿಟೀಲಿನವು, 5 ಪಿಯಾನೋದವು, 2 ಚೆಲ್ಲೊದವು. ಕ್ಲಾರಿನೆಟ್, ಕೊಳಲು, ವಯೋಲ, ಸ್ಯಾಕ್ಸೊಫೋನ್‌ಗಳಿಗೆ ಒಂದೊಂದು. ನಾಲ್ಕೈದು ವರ್ಷಕ್ಕೇ ಚಿಕ್ಕ ಗಾತ್ರದ ಪಿಟೀಲು ಕೈಗೆ ಕೊಡಬಹುದು, ಹದಿನಾಲ್ಕರ ಹೊತ್ತಿಗೆ ಹತ್ತು ವರ್ಷದ ಸಾಧನೆ ಆಗಿರುತ್ತದೆ. ಗಾಳಿವಾದ್ಯಗಳಲ್ಲಿ ಹಲ್ಲು, ತುಟಿ, ಶ್ವಾಸಕೋಶ ಬಲಿಯುವವರೆಗೆ ಕಾಯಬೇಕು. ಜೊತೆಗೆ, ವಾದ್ಯವೃಂದದೊಡನೆ ನುಡಿಸಲು ಪಿಟೀಲಿಗಿರುವಷ್ಟು ಕೃತಿಗಳು ಸ್ಯಾಕ್ಸೊಫೋನಿಗೆ ಇಲ್ಲ.

ವಿಯೆನ್ನಾದ ಇಂಥ ಪಾಠದ ಕೋಣೆಯಲ್ಲಿ ನಡೆಯುವುದೇನು? ವಾರಕ್ಕೊಮ್ಮೆಯೋ ಎರಡು ಬಾರಿಯೋ ಒಬ್ಬರಿಗೊಬ್ಬರಂತೆ ಪಾಠ. ಒಬ್ಬರ ಪಾಠವನ್ನು ಉಳಿದವರು ಕುಳಿತು ಕೇಳುವ ರೂಢಿ. ಆಗಾಗ ಶಿಷ್ಯರೆಲ್ಲ ಕಛೇರಿಯ ಉಡುಪು ತೊಟ್ಟು ಪರಸ್ಪರರ ಮುಂದೆ ಪೂರ್ತಿ ಕೃತಿ ನುಡಿಸುವ ಸಂಜೆಗಳು. ಇವುಗಳಿಗಿಂತ ಮುಖ್ಯವಾದದ್ದು ಇನ್ನೊಂದಿದೆ, ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ: ಸಂಸ್ಥೆಯೇ ಸಂಬಳ ಕೊಟ್ಟು ಇಟ್ಟುಕೊಂಡಿರುವ ಪಿಯಾನೋ ಸಹವಾದಕರು. ವಾದ್ಯವೃಂದದ ಭಾಗವನ್ನು ಪಿಯಾನೋದಲ್ಲಿ ನುಡಿಸುವ ನುರಿತ ಕೈ ವಾರವಾರವೂ ಸಿಗುವುದರಿಂದ, ಹುಡುಗರು ಕೃತಿಯನ್ನು ಒಂಟಿಯಾಗಿ ಕಲಿತು ಕೊನೆಗೆ ಜೋಡಿಸುವುದಿಲ್ಲ, ಮೊದಲಿನಿಂದಲೇ ಜೊತೆಗಾರಿಕೆಯಲ್ಲಿ ಕಲಿಯುತ್ತಾರೆ. ನಮ್ಮೂರುಗಳಲ್ಲಿ ಪಾಶ್ಚಾತ್ಯ ಪಿಟೀಲು ಕಲಿಯುವ ಮಕ್ಕಳಿಗೆ ಅತಿ ದೊಡ್ಡ ಕೊರತೆ ಇದು. ಪರೀಕ್ಷೆಗೆ ಹತ್ತು ದಿನ ಇರುವಾಗ ಪಿಯಾನೋದವರನ್ನು ಹುಡುಕುವ ಪಾಡು ಇಲ್ಲಿನ ಬಹಳ ಪೋಷಕರಿಗೆ ಗೊತ್ತು.

ನಾವು ವಿಯೆನ್ನಾದಲ್ಲಿ ನೆಲೆಸಿರುವ ಕನ್ನಡಿಗರು. ಹತ್ತು ವರ್ಷದ ಮಗಳು ಐದನೆಯ ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಈ ಮಟ್ಟಕ್ಕೆ ಹೋಗುವ ದಾರಿ ಎಲ್ಲಿಂದ ಶುರುವಾಗುತ್ತದೆ? ಪೌರತ್ವ ಬೇಕೇ?

ಈ ಸ್ಪರ್ಧೆಗೆ ನೀವಾಗಿ ಅರ್ಜಿ ಹಾಕಿ ಹೋಗುವಂತಿಲ್ಲ. ಸ್ಪರ್ಧಿಯನ್ನು ಕಳಿಸುವುದು ದೇಶದ ಪ್ರಸಾರ ಸಂಸ್ಥೆ, ಆಸ್ಟ್ರಿಯಾದಲ್ಲಿ ಓಆರ್‌ಎಫ್. ಕೆಲವು ದೇಶಗಳು ಟಿವಿಯಲ್ಲೇ ಆಯ್ಕೆ ಸುತ್ತು ನಡೆಸುತ್ತವೆ, ಕೆಲವು ಒಳಗಿಂದೊಳಗೇ ಆರಿಸುತ್ತವೆ. ಹೇಗೇ ಆದರೂ ಆಯ್ಕೆ ಮಾಡುವವರ ಕಣ್ಣು ಬೀಳುವುದು ಸಂಗೀತ ವಿಶ್ವವಿದ್ಯಾಲಯಗಳ ಕಿರಿಯ ವಿದ್ಯಾರ್ಥಿಗಳ ಮೇಲೆ, ರಾಷ್ಟ್ರಮಟ್ಟದ ಬಹುಮಾನ ಪಡೆದವರ ಮೇಲೆ. ಹಾಗಾಗಿ ನಿಮ್ಮ ಗಮನ ಕೆಳಗಿನ ಮೆಟ್ಟಿಲುಗಳ ಮೇಲಿರಲಿ.

ಮೊದಲನೆಯದು ನಗರದ ಸಂಗೀತ ಶಾಲೆ. ಆಸ್ಟ್ರಿಯಾದಲ್ಲಿ ಊರೂರಿನ ಸಂಗೀತ ಶಾಲೆಗಳಿಗೆ ಸ್ಥಳೀಯ ಆಡಳಿತ ಮತ್ತು ರಾಜ್ಯಗಳು ಹಣ ಕೊಡುವುದರಿಂದ ಶುಲ್ಕ ಖಾಸಗಿ ಪಾಠಕ್ಕಿಂತ ಕಡಿಮೆ. ವಿಯೆನ್ನಾದಲ್ಲಿ ಸೀಟಿಗೆ ಕಾಯುವ ಪಟ್ಟಿ ಉದ್ದ ಇರುತ್ತದೆ, ಆದ್ದರಿಂದ ಹೆಸರು ಬೇಗ ಬರೆಸಿ, ಕರೆ ಬರುವವರೆಗೆ ಈಗಿನ ಪಾಠ ನಿಲ್ಲಿಸಬೇಡಿ. ಎರಡನೆಯದು ‘ಪ್ರೀಮಾ ಲಾ ಮ್ಯೂಸಿಕಾ’ ಎಂಬ ಕಿರಿಯರ ಸ್ಪರ್ಧೆ. ಒಂಬತ್ತು ರಾಜ್ಯಗಳಲ್ಲೂ ಚಳಿಗಾಲದ ಕೊನೆಗೆ ರಾಜ್ಯಮಟ್ಟದ್ದು, ಅದರಲ್ಲಿ ಆಯ್ಕೆಯಾದವರಿಗೆ ವಸಂತದಲ್ಲಿ ರಾಷ್ಟ್ರಮಟ್ಟದ್ದು. ವಾದ್ಯಗಳ ವಿಭಾಗಗಳು ವರ್ಷ ಬಿಟ್ಟು ವರ್ಷ ಬದಲಾಗುತ್ತವೆ: ಒಂದು ವರ್ಷ ತಂತಿವಾದ್ಯ ಒಂಟಿ ವಿಭಾಗದಲ್ಲಿದ್ದರೆ ಮರುವರ್ಷ ಗುಂಪು ವಿಭಾಗದಲ್ಲಿ. ಇದನ್ನು ನೋಡಿಕೊಳ್ಳದೆ ಒಂಟಿ ಕೃತಿ ಸಿದ್ಧಮಾಡಿ, ಆ ವರ್ಷ ಆ ವಿಭಾಗವೇ ಇಲ್ಲವೆಂದು ಆಮೇಲೆ ತಿಳಿದುಕೊಳ್ಳುವುದು ಹೊಸಬರು ಎಡವುವ ಜಾಗ. ಮೂರನೆಯದು ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯಗಳು ಪ್ರತಿಭಾವಂತ ಮಕ್ಕಳಿಗಾಗಿ ಇಟ್ಟಿರುವ ಪೂರ್ವಸಿದ್ಧತಾ ತರಗತಿಗಳು. ಇದಕ್ಕೆ ಪ್ರವೇಶ ಪರೀಕ್ಷೆ ಇರುತ್ತದೆ. ಶಾಲೆಯ ಓದು ಮತ್ತು ದಿನಕ್ಕೆ ಮೂರು ನಾಲ್ಕು ಗಂಟೆಯ ಸಾಧನೆ ಎರಡನ್ನೂ ಹೊಂದಿಸಲು ಸಂಗೀತಕ್ಕೆ ಒತ್ತು ಕೊಡುವ ಪ್ರೌಢಶಾಲೆಯೂ ವಿಯೆನ್ನಾದಲ್ಲಿದೆ. ಮಗಳಿಗೆ ಈಗ ಹತ್ತು ಎಂದರೆ ಆ ಶಾಲೆಯ ವಿಚಾರ ಮಾಡಬೇಕಾದ್ದು ಈ ವರ್ಷವೇ.

ಪೌರತ್ವದ ಮಾತು: ಚೀನಾದಲ್ಲಿ ಹುಟ್ಟಿ ಓದಲೆಂದು ಸಾಲ್ಜ್‌ಬರ್ಗಿಗೆ ಬಂದ ಹುಡುಗ ಆಸ್ಟ್ರಿಯಾದ ಹೆಸರಿನಲ್ಲಿ ಗೆದ್ದಿರುವಾಗ ಹುಟ್ಟೂರು ಅಡ್ಡಿಯಲ್ಲ ಎನ್ನಲು ಬೇರೆ ಸಾಕ್ಷಿ ಬೇಡ. ವಾಸ ಮತ್ತು ವಿದ್ಯಾಭ್ಯಾಸದ ಷರತ್ತುಗಳನ್ನು ಮಾತ್ರ ಆಯಾ ವರ್ಷದ ನಿಯಮಾವಳಿಯಲ್ಲೇ ಓದಿಕೊಳ್ಳಿ.

ಭಾರತ ಏಕೆ ಭಾಗವಹಿಸುವುದಿಲ್ಲ? (ಕಲಬುರಗಿ)

ಯುರೋಪಿನ ಪ್ರಸಾರ ಸಂಸ್ಥೆಗಳ ನಡುವಿನ ಸ್ಪರ್ಧೆ ಇದು, ನಮ್ಮ ಪ್ರಸಾರ ಸಂಸ್ಥೆ ಸ್ಪರ್ಧಿಗಳನ್ನು ಕಳಿಸುವುದಿಲ್ಲ. ದೇಶದ ಹೆಸರಿಲ್ಲದೆ ಸ್ವಂತ ಯೋಗ್ಯತೆಯ ಮೇಲೆ ಹೋಗಬಹುದಾದ ಸ್ಪರ್ಧೆಗಳು ಬೇರೆ ಇವೆ. ಪಿಟೀಲಿಗಾದರೆ ಯೆಹೂದಿ ಮೆನುಹಿನ್ ಹೆಸರಿನ ಸ್ಪರ್ಧೆ, 22ರೊಳಗಿನ ಯಾವ ದೇಶದವರಿಗೂ ತೆರೆದಿರುವಂಥದ್ದು. ಮೊದಲ ಜರಡಿ ವಿಡಿಯೊ ಮೂಲಕ. ಝಿಯು ಹ 2016ರಲ್ಲಿ ಲಂಡನ್ನಿನಲ್ಲಿ ಅದರ ಹಿರಿಯರ ವಿಭಾಗವನ್ನೂ ಗೆದ್ದರು.

ಮಗಳು ಆರು ವರ್ಷದಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದಾಳೆ, ವರ್ಣ ಮುಗಿಸಿ ಕೃತಿಗಳಿಗೆ ಬಂದಿದ್ದಾಳೆ. ವಯಸ್ಸು ಹದಿಮೂರು. ಈಗ ಪಾಶ್ಚಾತ್ಯ ಪದ್ಧತಿಗೆ ಬಂದರೆ ಎಷ್ಟು ಹೊಸದಾಗಿ ಕಲಿಯಬೇಕು? ವಾದ್ಯ ಅದೇ ಅಲ್ಲವೇ? (ಹಾಸನ)

ಮರ ಅದೇ, ಕಮಾನು ಅದೇ, ನಾಲ್ಕು ತಂತಿಯೂ ಅದೇ. ಉಳಿದದ್ದರಲ್ಲಿ ಹೆಚ್ಚಿನದು ಬೇರೆ.

ಶ್ರುತಿಯಿಂದ ಶುರುಮಾಡೋಣ. ಮಗಳ ತಂತಿಗಳು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಅಂದರೆ ಮೊದಲ ಎರಡರ ನಡುವೆ ಸ–ಪ ಅಂತರ, ನಡುವಿನ ಎರಡಕ್ಕೆ ಪ–ಸ ಅಂತರ, ಮತ್ತೆ ಸ–ಪ. ಪಾಶ್ಚಾತ್ಯ ಪದ್ಧತಿಯ ಜಿ, ಡಿ, ಎ, ಇ ತಂತಿಗಳಲ್ಲಿ ಮೂರೂ ಅಂತರಗಳು ಸ–ಪ. ಹೀಗಾಗಿ ನಡುವಿನ ತಂತಿಗಳನ್ನು ದಾಟುವಾಗ ಬೆರಳಿಗೆ ಅಭ್ಯಾಸವಾಗಿರುವ ಜಾಗ ತಪ್ಪುತ್ತದೆ. ಮೊದಲ ಮೂರು ತಿಂಗಳು ಅಪಶ್ರುತಿ ಬರುವುದು ಹೆಚ್ಚಾಗಿ ಇಲ್ಲೇ, ಕಿವಿಯ ದೋಷದಿಂದಲ್ಲ. ಇನ್ನೊಂದು: ಕೆಳಶ್ರುತಿಗೆ ಕೂಡಿಸಿಕೊಂಡಿರುವ ತಂತಿಗಳನ್ನೇ ಮೇಲಕ್ಕೆ ಬಿಗಿಯಬೇಡಿ. ಮೇಲಿನ ಇ ತಂತಿ ಸುಮಾರು 659 ಹರ್ಟ್ಸ್‌ಗೆ ಹೋಗಬೇಕು. ಆ ಎಳೆತಕ್ಕೆಂದೇ ಮಾಡಿದ ಹೊಸ ಸೆಟ್ ಹಾಕಿಸಿ, ಇಲ್ಲದಿದ್ದರೆ ತಂತಿ ಹರಿಯುತ್ತದೆ ಅಥವಾ ಕುದುರೆ (ತಂತಿಗಳನ್ನು ಎತ್ತಿ ಹಿಡಿದಿರುವ ಮರದ ತುಂಡು) ಮುಂದಕ್ಕೆ ವಾಲುತ್ತದೆ. ಎರಡೂ ಪದ್ಧತಿ ಮುಂದುವರಿಸುವುದಾದರೆ ಎರಡು ವಾದ್ಯ ಇಟ್ಟುಕೊಳ್ಳುವುದೇ ಸರಿ. ಒಂದೇ ವಾದ್ಯವನ್ನು ದಿನಾ ಮೇಲೆ ಕೆಳಗೆ ತಿರುಗಿಸುತ್ತಿದ್ದರೆ ಶ್ರುತಿ ಎಂದೂ ನಿಲ್ಲುವುದಿಲ್ಲ.

ಹಿಡಿತದ ಬದಲಾವಣೆ ದೊಡ್ಡದು. ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರಿದಾಗ ಎಡಗೈ ಸಂಪೂರ್ಣ ಸ್ವತಂತ್ರ, ಆದ್ದರಿಂದಲೇ ಜಾರು, ಗಮಕಗಳು ಅಷ್ಟು ಸಲೀಸು. ನಿಂತು ನುಡಿಸುವಾಗ ವಾದ್ಯವನ್ನು ಗದ್ದ ಮತ್ತು ಹೆಗಲು ಹಿಡಿಯಬೇಕು. ಆ ಭರವಸೆ ಬರುವವರೆಗೆ ಎಡಗೈ ಹೆದರಿ ಪಿಟೀಲಿನ ಕತ್ತನ್ನು ಹಿಸುಕುತ್ತದೆ. ಹೆಗಲಿಗೆ ಸರಿಯಾದ ಎತ್ತರದ ದಿಂಬು ಮತ್ತು ಗದ್ದದ ಒರಗು ಹೊಂದಿಸಿದರೆ ಅರ್ಧ ಕಷ್ಟ ಕಡಿಮೆ. ಕತ್ತುದ್ದ ಇರುವ ಹುಡುಗಿಗೆ ಅಂಗಡಿಯಲ್ಲಿ ಕೊಟ್ಟ ಗಿಡ್ಡ ದಿಂಬು ಹಾಕಿ ಕತ್ತುನೋವು ತರಿಸಿಕೊಂಡವರು ಬಹಳ.

ನಮ್ಮಲ್ಲಿ ಕೆಲಸದ ಭಾರ ಬಹುಪಾಲು ತೋರುಬೆರಳು ಮತ್ತು ನಡುಬೆರಳಿನ ಮೇಲೆ. ಅಲ್ಲಿ ಕಿರುಬೆರಳಿಗೂ ಸಮಪಾಲು. ಅದನ್ನು ಬಲಪಡಿಸಲು ಹಿಂದಿನ ಕಾಲದ ಪಿಟೀಲುವಾದಕ ಕ್ರೊಯಿಟ್ಸರ್ ಬರೆದ 42 ಅಭ್ಯಾಸಗಳು ಇಂದಿಗೂ ಬುನಾದಿ, ಆಮೇಲೆ ರೋಡ್ ಬರೆದ 24, ಕೊನೆಗೆ ಪಾಗನಿನಿ ಬರೆದ 24. ಈ ಕ್ರಮ ಮುರಿದು ಪಾಗನಿನಿಗೆ ಜಿಗಿದರೆ ಮಣಿಕಟ್ಟು ಬಿಗಿದುಕೊಳ್ಳುತ್ತದೆ. ಕಮಾನಿನಲ್ಲಿ ಪುಟಿಸುವ ಹೊಡೆತಗಳು, ತಡೆದು ಬಿಡುವ ಹೊಡೆತಗಳು ಪೂರ್ತಿ ಹೊಸವು. ಬರೆದ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸುವುದೂ ಹೊಸದು. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎಬಿಆರ್‌ಎಸ್‌ಎಂನ ಪರೀಕ್ಷೆ ಕಟ್ಟಿಸುವುದಾದರೆ ಆರನೆಯ ಗ್ರೇಡಿನ ವಾದನಕ್ಕೆ ಮೊದಲು ಐದನೆಯ ಗ್ರೇಡಿನ ಸಿದ್ಧಾಂತ ಪಾಸಾಗಿರಬೇಕೆಂಬ ನಿಯಮ ನೆನಪಿಡಿ. ಅಲ್ಲಿನದೇ ಇನ್ನೊಂದು ಮಂಡಳಿಯಾದ ಟ್ರಿನಿಟಿಯಲ್ಲಿ ಆ ಕಟ್ಟು ಇಲ್ಲ. ಬೆಂಗಳೂರಿನಲ್ಲಿ ಎರಡಕ್ಕೂ ತಯಾರು ಮಾಡುವವರಿದ್ದಾರೆ. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆ ಒಟ್ಟಾಗಿ ನುಡಿಸುವ ಅವಕಾಶವೂ ಸಿಗುತ್ತದೆ.

ಮಗಳ ಕೈಯಲ್ಲಿರುವ ಆಸ್ತಿಯೂ ಸಣ್ಣದಲ್ಲ: ಶ್ರುತಿಜ್ಞಾನ, ಬಾಯಿಪಾಠದ ಶಕ್ತಿ, ಲಯದ ಹಿಡಿತ. ಹಾಗಂತ ಆಸೆ ಹುಟ್ಟಿಸಿ ಸುಳ್ಳು ಹೇಳಬಾರದು. ಇಂಥ ಸ್ಪರ್ಧೆಯ ಅಂತಿಮ ಸುತ್ತಿಗೆ ಬರುವವರು ಅದೇ ಪದ್ಧತಿಯಲ್ಲಿ ನಾಲ್ಕೈದನೆಯ ವಯಸ್ಸಿನಿಂದಲೇ ಬೆಳೆದವರು. ಹದಿಮೂರಕ್ಕೆ ಬದಲಾಯಿಸಿ ಆ ಮಟ್ಟ ಮುಟ್ಟುವುದು ತೀರ ಅಪರೂಪ. ವಾದ್ಯವೃಂದದಲ್ಲಿ ಕುಳಿತು ನುಡಿಸುವ ಮಟ್ಟ ಖಂಡಿತ ಕೈಗೆಟುಕುವಂಥದ್ದು. ಅವಳ ಒಲವು ಕೀರ್ತನೆಯ ಕಡೆಗೇ ಇದ್ದರೆ ಬಿಡಿಸಬೇಡಿ.

ಸ್ಪರ್ಧೆಗೆ ಕೃತಿ ಆರಿಸುವುದು ಹೇಗೆ? ಕಷ್ಟದ್ದೇ ಆಗಬೇಕೆ? (ಬೆಂಗಳೂರು)

ಕಷ್ಟಕ್ಕಿಂತ ಮೊದಲು ನೋಡಬೇಕಾದ್ದು ಗಡಿಯಾರ. ಟಿವಿಗಾಗಿ ನಡೆಯುವ ಅಂತಿಮ ಸುತ್ತಿನಲ್ಲಿ ಇಡೀ ಕಾನ್ಸರ್ಟೊಗೆ (ಒಂದು ವಾದ್ಯವನ್ನು ಮುಂದಿಟ್ಟು ವಾದ್ಯವೃಂದದ ಜೊತೆ ನುಡಿಸಲು ಬರೆದ, ಹಲವು ಭಾಗಗಳ ದೀರ್ಘ ಕೃತಿಗೆ) ಜಾಗವಿಲ್ಲ, ಒಂದು ಭಾಗ ಅಥವಾ ಒಂದು ಚಿಕ್ಕ ಪೂರ್ಣಕೃತಿ ಅಷ್ಟೇ. ಚೈಕೋವ್‌ಸ್ಕಿಯ ಪಿಟೀಲು ಕಾನ್ಸರ್ಟೊದ ಮೊದಲ ಭಾಗ 18 ನಿಮಿಷದ ಮೇಲೆ, ಬೇಟೊವೆನ್‌ನದ್ದು 24ರ ಹತ್ತಿರ. ಎರಡೂ ಕತ್ತರಿ ಕೇಳುತ್ತವೆ, ಕತ್ತರಿಸಿದ ಜಾಗ ತೀರ್ಪುಗಾರರಿಗೆ ತಕ್ಷಣ ಕೇಳಿಸುತ್ತದೆ. ಅದಕ್ಕೆ ಬದಲು ತಾನಾಗಿ ಅಳತೆಗೆ ಕೂರುವಂಥದ್ದು ಹುಡುಕಬೇಕು: ಮೆಂಡೆಲ್ಸನ್‌ನ ಕೊನೆಯ ಭಾಗ ಆರೇಳು ನಿಮಿಷ, ಸಿಬೇಲಿಯಸ್‌ನದ್ದು ಏಳೆಂಟು, ಸಾಂ-ಸಾನ್ಸ್‌ನ ಇಂಟ್ರೊಡಕ್ಷನ್ ಮತ್ತು ರೊಂಡೊ ಕಪ್ರಿಚಿಯೊಸೊ ಸುಮಾರು ಒಂಬತ್ತು, ರಾವೆಲ್‌ನ ಜಿಗಾನ್ ಹತ್ತು. ಜಿಗಾನ್‌ನಲ್ಲಿ ಇನ್ನೊಂದು ಅನುಕೂಲ: ಮೊದಲ ನಾಲ್ಕು ನಿಮಿಷ ವಾದ್ಯವೃಂದವೇ ಇಲ್ಲ, ಪಿಟೀಲು ಒಂಟಿ. ಕೇಳುಗರ ಗಮನ ಬೇರೆಲ್ಲೂ ಹೋಗುವಂತಿಲ್ಲ. ತಪ್ಪಾದರೆ ಅಡಗಿಕೊಳ್ಳಲೂ ಜಾಗವಿಲ್ಲ.

ಎರಡನೆಯದು ವಾದ್ಯವೃಂದದ ದಪ್ಪ. ಬ್ರಾಮ್ಸ್‌ನ ಕಾನ್ಸರ್ಟೊದಲ್ಲಿ ನಾಲ್ಕು ಕೊಂಬುವಾದ್ಯಗಳ ಗೋಡೆಯನ್ನು ದಾಟಿ ಕೇಳಿಸುವ ದನಿ ಹದಿನಾಲ್ಕರ ಕೈಗೆ, ಸಾಧಾರಣ ವಾದ್ಯಕ್ಕೆ ಕಷ್ಟ. ಮೆಂಡೆಲ್ಸನ್ ಬರೆದದ್ದು ತೆಳು, ಪಿಟೀಲು ಮೇಲೆ ತೇಲುತ್ತದೆ. ಮೂರನೆಯದು ತಾಲೀಮು. ವಾದ್ಯವೃಂದದೊಡನೆ ಸಿಗುವುದು ಸಾಮಾನ್ಯವಾಗಿ ಒಂದೋ ಎರಡೋ ಸಲ. ಲಯ ಪದೇ ಪದೇ ಹಿಗ್ಗಿ ಕುಗ್ಗುವ ಕೃತಿ ಅಷ್ಟರಲ್ಲಿ ಕೂಡುವುದಿಲ್ಲ. ಪಿಯಾನೋದವರು ಮೂರಡಿ ದೂರದಲ್ಲಿದ್ದು ನಿಮ್ಮ ಉಸಿರು ನೋಡಿ ಹಿಂಬಾಲಿಸುತ್ತಾರೆ. ವಾದ್ಯವೃಂದದ ಹಿಂದಿನ ಸಾಲಿನ ಸದ್ದು ತಡವಾಗಿ ಕಿವಿಗೆ ಬರುತ್ತದೆ. ಹೊಸ ಹುಡುಗರು ಅದಕ್ಕೆ ಕಾಯುತ್ತಾರೆ, ಕಾದಷ್ಟೂ ಇಡೀ ಮೇಳ ನಿಧಾನಕ್ಕಿಳಿಯುತ್ತದೆ. ಕಿವಿಯನ್ನು ಹತ್ತಿರದ ತಂತಿವಾದ್ಯಗಳಿಗೆ, ಕಣ್ಣಂಚನ್ನು ನಿರ್ವಾಹಕರ ಕೋಲಿಗೆ ಕೊಡುವುದು ಇದಕ್ಕೆ ಪರಿಹಾರ. ಅದಕ್ಕಾಗಿ ತನ್ನ ಭಾಗವನ್ನು ಮಾತ್ರವಲ್ಲ, ಎಲ್ಲ ವಾದ್ಯಗಳ ಭಾಗಗಳಿರುವ ಪೂರ್ಣಲಿಪಿಯನ್ನು ಓದಿ ಯಾವ ತಿರುವಿನಲ್ಲಿ ಯಾರು ಜೊತೆಗಿದ್ದಾರೆ ಎಂದು ಗುರುತು ಹಾಕಿಕೊಂಡಿರಬೇಕು.

ಅಪರಿಚಿತ ಕೃತಿಯೂ ಗೆಲ್ಲುತ್ತದೆ. 2016ರಲ್ಲಿ ಪೋಲೆಂಡಿನ ಸ್ಯಾಕ್ಸೊಫೋನ್‌ವಾದಕ ಲುಕಾಶ್ ದಿಚ್ಕೊ ಗೆದ್ದದ್ದು ಬೆಲ್ಜಿಯಂನ ಆಂದ್ರೆ ವೈನ್ಯಾನ್ ಬರೆದ ರ‍್ಯಾಪ್ಸಡಿಯಿಂದ. 2018ರಲ್ಲಿ ಎಡಿನ್‌ಬರೊದಲ್ಲಿ ರಷ್ಯಾದ ಇವಾನ್ ಬೆಸ್ಸೊನೊವ್ ಎಲ್ಲರಿಗೂ ಗೊತ್ತಿರುವ ಚೈಕೋವ್‌ಸ್ಕಿಯ ಮೊದಲ ಪಿಯಾನೋ ಕಾನ್ಸರ್ಟೊದ ಕೊನೆಯ ಭಾಗ ನುಡಿಸಿ ಗೆದ್ದರು.

ಬಯಲಿನಲ್ಲಿ ರಾತ್ರಿ ನುಡಿಸುವಾಗ ಶ್ರುತಿ ಹೇಗೆ ನಿಲ್ಲುತ್ತದೆ? (ಸಾಗರ)

ನಿಲ್ಲುವುದಿಲ್ಲ, ನಿಲ್ಲಿಸಿಕೊಳ್ಳಬೇಕು. ಗಾಳಿವಾದ್ಯದ ಶ್ರುತಿ ಅದರೊಳಗಿನ ಗಾಳಿಯ ಬಿಸಿಯನ್ನು ಅವಲಂಬಿಸುತ್ತದೆ. ಒಂದು ಡಿಗ್ರಿ ಇಳಿದರೆ ಸುಮಾರು 3 ಸೆಂಟ್ ಇಳಿಯುತ್ತದೆ, ಅರ್ಧಸ್ವರ ಎಂದರೆ 100 ಸೆಂಟ್. ತಂತಿವಾದ್ಯದ ಲೋಹದ ತಂತಿ ಚಳಿಗೆ ಕುಗ್ಗಿ ಶ್ರುತಿ ಮೇಲೇರುತ್ತದೆ. ಒಂದು ಇಳಿಯುವುದು, ಒಂದು ಏರುವುದು, ಹೀಗೆ ಎರಡು ಗುಂಪುಗಳು ದೂರವಾಗುತ್ತವೆ. ಕ್ಲಾರಿನೆಟ್, ಕೊಳಲಿನವರು ಸರದಿ ಬರುವವರೆಗೆ ಸದ್ದಿಲ್ಲದೆ ಊದಿ ವಾದ್ಯವನ್ನು ಬೆಚ್ಚಗಿಡುತ್ತಾರೆ. ಪಿಟೀಲಿನವರು ವಾದ್ಯವನ್ನು ಬೆಚ್ಚನೆ ಕೋಣೆಯಿಂದ ನೇರ ವೇದಿಕೆಗೆ ತರದೆ, ಹತ್ತಿಪ್ಪತ್ತು ನಿಮಿಷ ಮೊದಲೇ ವೇದಿಕೆಯ ಪಕ್ಕದ ಗಾಳಿಗೆ ಒಗ್ಗಿಸಬೇಕು. ಇದಲ್ಲದೆ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿ ಎಲ್ಲರೂ ಶ್ರುತಿ ಕೂಡಿಸಿಕೊಳ್ಳುವ ಎ ಸ್ವರ 440 ಅಲ್ಲ, 443 ಹರ್ಟ್ಸ್. ವ್ಯತ್ಯಾಸ 12 ಸೆಂಟಿನಷ್ಟು ಚಿಕ್ಕದು, ಆದರೆ 440ಕ್ಕೆ ಕೂಡಿಸಿ ಅಭ್ಯಾಸ ಮಾಡಿದ ಕಿವಿಗೆ ಅಂಥ ಮೇಳದ ಜೊತೆ ನಿಂತಾಗ ತನ್ನದೇ ತಂತಿ ಮಂದವೆನಿಸುತ್ತದೆ. ಯಾವ ಎ ಎಂದು ಮೊದಲೇ ಕೇಳಿಕೊಂಡು ಕೊನೆಯ ಎರಡು ಮೂರು ವಾರ ಅದಕ್ಕೇ ಕೂಡಿಸಿ ಅಭ್ಯಾಸ ಮಾಡುವುದು ಒಳ್ಳೆಯದು.

ಗೆದ್ದವರು ಆಮೇಲೆ ಏನಾದರು? (ಶಿರಸಿ)

ರಾಖ್ಲಿನ್ ಪಿಟೀಲು, ವಯೋಲ ಎರಡನ್ನೂ ನುಡಿಸುತ್ತಾ ವಾದ್ಯವೃಂದ ನಿರ್ವಾಹಕರೂ ಆದರು. ಕಾರ್ವಾಯ್ ವಿಯೆನ್ನಾ ಸಿಂಫನಿಯ ಮುಖ್ಯ ಪಿಟೀಲುವಾದಕರಾದರು. 1996ರಲ್ಲಿ ಜರ್ಮನಿಗೆ ಗೆದ್ದುಕೊಟ್ಟ ಯೂಲಿಯಾ ಫಿಶರ್ ಇಂದು ಜಗತ್ತಿನ ಮೊದಲ ಸಾಲಿನ ಪಿಟೀಲುವಾದಕಿ. 2008ರ ಕ್ಲಾರಿನೆಟ್ ವಿಜೇತ ದಿಯೊನಿಸಿಸ್ ಗ್ರಾಮೆನೊಸ್ ಗ್ರೀಸಿನಲ್ಲಿ ಯುವ ವಾದ್ಯವೃಂದ ಕಟ್ಟಿದರು.

ಮಗ ಈ ಡಿಸೆಂಬರಿನಲ್ಲಿ ಪಾಠಕ್ಕೆಂದು ವಿಯೆನ್ನಾಕ್ಕೆ ಹೋಗುತ್ತಿದ್ದಾನೆ. ಪಿಟೀಲು ಇಲ್ಲಿಂದಲೇ ಒಯ್ಯುತ್ತಾನೆ. ಎಚ್ಚರಿಕೆ ಏನು? (ಮಂಗಳೂರು)

ಕರಾವಳಿಯ ತೇವಕ್ಕೆ ಒಗ್ಗಿದ ಮರ ಚಳಿಗಾಲದ ಯುರೋಪಿನ ಬಿಸಿ ಮಾಡಿದ ಕೋಣೆಗೆ ಹೋದರೆ ಅಲ್ಲಿನ ಆರ್ದ್ರತೆ 20–30 ಪ್ರತಿಶತಕ್ಕೆ ಇಳಿದಿರುತ್ತದೆ. ಪಿಟೀಲಿಗೆ ಹಿತ 40ರಿಂದ 60. ಮರ ಒಣಗಿ ಕುಗ್ಗಿದಾಗ ಮೊದಲು ಬಿಡುವುದು ಮೇಲ್ಹಲಗೆ ಮತ್ತು ಪಕ್ಕದ ಪಟ್ಟಿಯ ನಡುವಿನ ಅಂಟು. ಅದು ಬಿಟ್ಟದ್ದೇ ಒಳ್ಳೆಯದು, ಬಿಡದಿದ್ದರೆ ಹಲಗೆಯೇ ಸೀಳುತ್ತದೆ. ಪಿಟೀಲಿಗೆ ಪ್ರಾಣಿಜನ್ಯ ಅಂಟನ್ನೇ ಬಳಸುವುದು ಈ ಕಾರಣಕ್ಕೆ. ಹೊರಡುವ ಮುನ್ನ ಸಣ್ಣ ಬಿರುಕಿದೆಯೆಂದು ಯಾರಾದರೂ ಫೆವಿಕಾಲ್ ಹಚ್ಚಲು ಬಂದರೆ ಒಪ್ಪಬೇಡಿ. ಅದು ಮರಕ್ಕಿಂತ ಗಟ್ಟಿ ಹಿಡಿಯುತ್ತದೆ, ಮುಂದೆ ಬಿಚ್ಚಿ ರಿಪೇರಿ ಮಾಡಲೂ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಪುಟ್ಟ ಆರ್ದ್ರತಾಮಾಪಕ, ವಾದ್ಯದೊಳಗೆ ಇಳಿಬಿಡುವ ತೇವದ ರಬ್ಬರ್ ಕೊಳವೆ ಎರಡೂ ಇರಲಿ. ಕೊಳವೆಯನ್ನು ಹಿಂಡಿ ಒರೆಸಿ ಹಾಕಬೇಕು, ನೀರು ತೊಟ್ಟಿಕ್ಕಬಾರದು. ಕೋಣೆಯ ಹೀಟರ್ ಪಕ್ಕ ಪೆಟ್ಟಿಗೆ ಇಡಬಾರದು.

ವಿಮಾನದಲ್ಲಿ ಕೈಸಾಮಾನಾಗಿಯೇ ಒಯ್ಯಲಿ, ಅಳತೆಯ ಬಗ್ಗೆ ವಿಮಾನ ಸಂಸ್ಥೆಯಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆದು ಕಾಗದ ಜೊತೆಗಿಡಲಿ. ತಂತಿಗಳನ್ನು ಪೂರ್ತಿ ಸಡಿಲಿಸಬಾರದು: ಎಳೆತ ಹೋದರೆ ಕುದುರೆ ಬೀಳುತ್ತದೆ, ಒಳಗೆ ನಿಲ್ಲಿಸಿರುವ ಪುಟ್ಟ ಕಂಬವೂ ಉರುಳುತ್ತದೆ. ಅದನ್ನು ಮತ್ತೆ ನಿಲ್ಲಿಸುವುದು ಕುಶಲಿಗರ ಕೆಲಸ. ಸ್ವಲ್ಪ ಇಳಿಸಿದರೆ ಸಾಕು. ಕಮಾನಿನ ಕೂದಲನ್ನು ಮಾತ್ರ ಪೂರ್ತಿ ಸಡಿಲಿಸಬೇಕು. ಹಳೆಯ ಕಮಾನಾಗಿದ್ದು ತುದಿಯಲ್ಲಿ ಆನೆದಂತದ ತುಣುಕಿದ್ದರೆ ಗಡಿಯಲ್ಲಿ ಮುಟ್ಟುಗೋಲು ಹಾಕಿಕೊಳ್ಳುವ ಸಾಧ್ಯತೆ ಇದೆ, ಅಂಥದ್ದನ್ನು ಮನೆಯಲ್ಲೇ ಬಿಟ್ಟು ಬೇರೆ ಕಮಾನು ಒಯ್ಯಲಿ. ಹೊಸ ತಂತಿ ಹಾಕಿಸುವುದಾದರೆ ಮೊದಲ ಪಾಠಕ್ಕೆ ವಾರ ಹತ್ತು ದಿನ ಮೊದಲೇ ಆಗಬೇಕು, ಹಿಗ್ಗಿ ನಿಲ್ಲಲು ನಾಲ್ಕೈದು ದಿನ ಬೇಕು. ಬಿರಡೆ ಒಣಗಿ ಜಾರತೊಡಗಿದರೆ ಒತ್ತಿ ತಿರುಗಿಸಿದರೆ ಸಾಕು, ಸೀಮೆಸುಣ್ಣ ಹಚ್ಚಿ ಒರಟಾಗಿಸುವುದು ಬೇಡ. ತಲುಪಿದ ವಾರದಲ್ಲೇ ಅಲ್ಲಿನ ಪಿಟೀಲು ರಿಪೇರಿಯವರಿಗೆ ಒಮ್ಮೆ ತೋರಿಸಿ, ಕುದುರೆಯ ಎತ್ತರ ನೋಡಿಸಲಿ. ಒಣ ಹವೆಗೆ ಮೇಲ್ಹಲಗೆ ತಗ್ಗಿ ತಂತಿಗಳು ಬೆರಳುಹಲಗೆಗೆ ಹತ್ತಿರವಾಗುತ್ತವೆ. ಚಳಿಗಾಲಕ್ಕೊಂದು ಎತ್ತರದ ಕುದುರೆ, ಬೇಸಿಗೆಗೊಂದು ತಗ್ಗಿನದು ಎಂದು ಎರಡು ಇಟ್ಟುಕೊಳ್ಳುವವರೂ ಇದ್ದಾರೆ.